ನೀಲಗಿರಿ ಮರದ ನೆರಳು

ಮಾರ್ಚ್ 14, ಶನಿವಾರ, ಬೆಳಗ್ಗೆ 10.40. ಸಿಡ್ನಿಯ ಗಿರಾವೀನ್ ಕಡೆಯ ಠಾಣೆಗೆ ಅಹಲ್ಯಾ ದೂರು ಹೊತ್ತು ಬಂದರು. ತೀರಿಹೋದ ಗಂಡ ಉಮಾಶಂಕರ್ ಕೊನೆಯದಾಗಿ ಬರೆದ ಚಿತ್ರ ಕನ್ನಡದವರ ಪ್ರದರ್ಶನದ ಗೋಡೆ ಮೇಲೇ ಇದೆ. ಆದರೆ ಅದು ಅವರ ಕೈಯದಲ್ಲ, ಯಾರೋ ಬದಲಾಯಿಸಿದ್ದಾರೆ ಎಂಬುದು ದೂರು. ನಮ್ಮೂರಲ್ಲಾಗಿದ್ದರೆ ಎಫ್‌ಐಆರ್ ಬರೆಯೋಕೆ ಮುಂಚೆ ರೈಟರ್ ನಕ್ಕುಬಿಡುತ್ತಿದ್ದ. ಡಿಟೆಕ್ಟಿವ್ ಮಹತಿ ನಗಲಿಲ್ಲ, ಬರೆದುಕೊಂಡಳು.

"ಹೇಗೆ ಗೊತ್ತಾಯ್ತು, ಆಂಟಿ?"

"ನೆರಳು ನೋಡಮ್ಮ. ಕೀಮೋ ಮುಗಿಸ್ಕೊಂಡು ಬಂದು ಆ ಚಿತ್ರದಲ್ಲಿರೋ ನೀಲಗಿರಿ ಕೆಳಗೇ ಕೂರ್ತಿದ್ರು. ಅದರ ಎಲೆ ಜೋತುಬಿದ್ದಿರುತ್ತೆ, ಬಿಸಿಲೆಲ್ಲ ಸೋರುತ್ತೆ. ಅವರು ಬರೆದಿದ್ದು ಆ ತೆಳು ನೆರಳನ್ನ. ಇದರಲ್ಲಿ ಮಾವಿನ ಮರದ ನೆರಳಿನ ಹಾಗೆ ಕಪ್ಪಗೆ ಕೂತಿದೆ. ನಂಗೆ ಉಳಿದಿರೋದು ಅವರ ಆ ಚಿತ್ರ ಒಂದೇ."

11.30ಕ್ಕೆ ಪ್ರದರ್ಶನದ ಹಾಲ್‌ನಲ್ಲಿ ಸ್ಥಳಪರಿಶೀಲನೆ. "ಆಕ್ಚುಲಿ ಚೆನ್ನಾಗೇ ಇದೆ ಅಲ್ವಾ? ಎಷ್ಟು ನೀಟ್!" ಎಂದ ಕಾನ್‌ಸ್ಟೇಬಲ್ ವಿಶ್ರುತ್. ಮಹತಿ ಗೋಡೆಯುದ್ದಕ್ಕೂ ನಡೆದಳು. ಕೆರೆ, ಗುಡಿಸಲು, ಸೂರ್ಯಾಸ್ತ; ಏಳು ಚಿತ್ರಗಳಲ್ಲಿ ಮರ ಯಾವುದೇ ಇರಲಿ, ಬುಡದಲ್ಲಿ ಅದೇ ಕಪ್ಪು ನೆರಳು. ಏಳರ ಕೆಳಗೂ ಚಂದ್ರಶೇಖರ್ ಸಹಿ. ನಿವೃತ್ತ ಎಂಜಿನಿಯರ್, ಭಾನುವಾರದ ಚಿತ್ರಕಲೆ ಮೇಷ್ಟ್ರು. ಅವರ ಚಿತ್ರವಿಲ್ಲದ ಕನ್ನಡದ ಮನೆ ಗಿರಾವೀನ್‌ನಲ್ಲಿ ಸಿಗುವುದು ಕಷ್ಟ. ಹಾಲ್‌ನ ಕೀಲಿಯೂ ಅವರ ಹತ್ತಿರವೇ ಇತ್ತು.

ಮಧ್ಯಾಹ್ನ 3.15, ವಾರಂಟ್ ಸಮೇತ ಅವರ ಗ್ಯಾರೇಜು. ನಡುವೆ ಉಮಾಶಂಕರ್ ಚಿತ್ರ, ಸುತ್ತ ಅದರದೇ ಒಂಬತ್ತು ನಕಲು. ಒಂಬತ್ತರಲ್ಲೂ ಕಪ್ಪು ನೆರಳು.

"ಯಾಕೆ ಅಂಕಲ್?"

ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಅಂತಾರೆ. ಈ ಮುಖದಲ್ಲಿ ಇದ್ದದ್ದು ಬರೀ ದಣಿವು.

"ನನ್ನ ಚಿತ್ರ ಎಲ್ರೂ ಹೊಗಳ್ತಾರಮ್ಮ. ಅವನ ಚಿತ್ರದ ಮುಂದೆ ಮಾತೇ ನಿಂತುಹೋಗುತ್ತೆ. ಹೊಟ್ಟೆ ಉರೀತು. ಅದರ ಫೋಟೋ ನೋಡಿ ಒಂದು ಬರೆದು ಅಲ್ಲಿ ನೇತುಹಾಕಿ, ಇದನ್ನ ತಂದೆ. ಎದುರಿಗಿಟ್ಕೊಂಡು ಬರೆದ್ರೂ ಆ ನೆರಳು ಬರಲಿಲ್ಲ. ಕಣ್ಣು ನೋಡೋಕೆ ಮುಂಚೆ ಕೈ ಬಳಿದುಬಿಡುತ್ತೆ."

3.50ಕ್ಕೆ ಬಂಧನ. ಚಿತ್ರ ಸಿಕ್ಕಿತೆಂದು ವಿಶ್ರುತ್ ಫೋನ್ ಮಾಡಿದಾಗ ಅಹಲ್ಯಾ ಅತ್ತುಬಿಟ್ಟರು.

ಹೊರಗೆ ಪೊಲೀಸ್ ಕಾರು ಒಂದು ನೀಲಗಿರಿಯ ಕೆಳಗೆ ನಿಂತಿತ್ತು. ಚಂದ್ರಶೇಖರ್ ಅದರ ಬಳಿ ಬಂದವರು ತಲೆ ತಗ್ಗಿಸಿ ನೆಲ ನೋಡಿದರು. ಅವರ ಚಪ್ಪಲಿಯ ಮೇಲೆ ಎಲೆಗಳ ನಡುವಿಂದ ಸೋರಿದ ಬಿಸಿಲು ಅಲ್ಲಾಡುತ್ತಿತ್ತು.

"ಇಪ್ಪತ್ತೆರಡು ವರ್ಷದಿಂದ ಇಲ್ಲೇ ಓಡಾಡ್ತಿದ್ದೀನಿ," ಎಂದರು.

ಪಾಪ ಅನ್ನಿಸಿತು ಮಹತಿಗೆ. ಬಾಗಿಲು ಹಿಡಿದು, ಅವರು ನೋಡಿ ಮುಗಿಸುವ ತನಕ ಕಾದಳು.