ಒಂಬತ್ತನೇ ವೈರು

ಹೋದ ಸಲ ಕತೆ ಹೇಳಿದಾಗ ನಿಮ್ಮಲ್ಲಿ ಇಬ್ಬರು ನಕ್ಕಿರಿ. ಈ ವಯಸ್ಸಿಗೆ ತಾರೀಕು, ಗಂಟೆ ಎಲ್ಲ ಎಲ್ಲಿ ನೆನಪಿರುತ್ತದೆ, ಮುದುಕ ಬುರುಡೆ ಬಿಡುತ್ತಾನೆ ಅಂದಿರಿ. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಗೇಟಿನಿಂದ ವಾಪಸ್ ಓಡುವವರು ನೀವು, ನನ್ನ ನೆನಪಿನ ತಂಟೆಗೆ ಬರಬೇಡಿ. ಎರಡು ಸಾವಿರದ ಇಪ್ಪತ್ತೈದನೇ ಇಸವಿ, ಜೂನ್ ಹನ್ನೆರಡು, ಗುರುವಾರ, ಬೆಳಗ್ಗೆ ಹನ್ನೊಂದು ಇಪ್ಪತ್ತು. ಬರೆದಿಟ್ಟುಕೊಳ್ಳಿ ಬೇಕಾದರೆ.

ಆ ಹೊತ್ತಿಗೆ ಕನಕಪುರ ರಸ್ತೆಯ ಬದಿಯ ಠಾಣೆಗೆ ಜರಗನಹಳ್ಳಿಯ ನಂದಕುಮಾರ್ ದೂರು ಹಿಡಿದು ಬಂದ. ಅವನ ಅಪ್ಪ ಬೋರಣ್ಣ ಒಂದು ಕಾಲಕ್ಕೆ ರಾಗಿ ಬೆಳೆದ ಜಾಗದಲ್ಲೇ ಈಗ ಮೂರಂತಸ್ತಿನ ಕಟ್ಟಡ ಎದ್ದಿದೆ. ಕೆಳಗೆ ಇವರ ಸಂಸಾರ, ಮೇಲೆಲ್ಲ ಬಾಡಿಗೆ. ಕೆಳಗಿನ ಒಂದು ಕೋಣೆಯಲ್ಲಿ ನಂದಕುಮಾರ್ ಹೋಮ್ ಥಿಯೇಟರ್ ಮಾಡಿಸಿದ್ದ. ಹಿಂದಿನ ದಿನ, ಬುಧವಾರ ಸಂಜೆ ನಾಲ್ಕು ಹತ್ತಕ್ಕೆ, ಆ ಖಾಲಿ ಕೋಣೆಯಲ್ಲಿ ಸಿಸ್ಟಮ್ಮು ತಾನೇ ಆನ್ ಆಗಿ ಪೂರ್ತಿ ಸದ್ದಿನಲ್ಲಿ ಕಿರುಚಿಕೊಂಡಿತ್ತು. ಟೆರೇಸಿನಿಂದ ಬಟ್ಟೆ ತೆಗೆದುಕೊಂಡು ಇಳಿಯುತ್ತಿದ್ದ ಅವನ ತಾಯಿ ಗೌರಮ್ಮ ಬೆಚ್ಚಿ, ಕಾಲು ತಪ್ಪಿ, ಏಳು ಮೆಟ್ಟಿಲು ಉರುಳಿದ್ದರು. ಸೊಂಟದ ಮೂಳೆ ಮುರಿದಿತ್ತು. ಆಸ್ಪತ್ರೆಯಲ್ಲಿದ್ದರು.

ಇನ್ಸ್‌ಪೆಕ್ಟರ್ ಹೇಮಶ್ರೀ ದೂರು ಓದಿದಳು. ಚಿತ್ರದುರ್ಗದ ಕಡೆಯಿಂದ ವರ್ಗವಾಗಿ ಬಂದು ಆರು ತಿಂಗಳಾಗಿತ್ತು, ಕ್ವಾರ್ಟರ್ಸಿನಲ್ಲಿ ಒಬ್ಬಳೇ ಇದ್ದಳು. ಯಾರ ಮೇಲೆ ಅನುಮಾನ ಎಂದು ಕೇಳಿದಳು. ನಂದಕುಮಾರ್ ತಡಮಾಡಲಿಲ್ಲ.

"ಸೆಕೆಂಡ್ ಫ್ಲೋರ್ ಸುಮನ್ ಮೇಡಂ. ಇವನ ಮೆಸೇಜ್ ನೋಡಿ."

ಬಾಡಿಗೆದಾರರ ಗ್ರೂಪಿನಲ್ಲಿ ಏಪ್ರಿಲ್‌ನಲ್ಲಿ ಬಂದ ಮೆಸೇಜು. ಸದ್ದಿನ ಜಗಳದ ನಡುವೆ ಸುಮನ್ ಬರೆದಿದ್ದ: 'ಆ ಡಬ್ಬಾನ ಇಲ್ಲಿಂದ್ಲೇ ಆಫ್ ಮಾಡೋಕೆ ನಂಗೆ ಬರುತ್ತೆ.' ಹುಡುಗ ಕಂಪನಿಯೊಂದರಲ್ಲಿ ನೆಟ್‌ವರ್ಕ್ ಕೆಲಸದಲ್ಲಿದ್ದ.

ಮಧ್ಯಾಹ್ನ ಹನ್ನೆರಡಕ್ಕೆ ಎಫ್‌ಐಆರ್ ಆಯಿತು. ಆರೋಪಿಯ ಕಾಲಂನಲ್ಲಿ ಹೇಮಶ್ರೀ 'ಅಪರಿಚಿತ' ಎಂದೇ ಬರೆಸಿದಳು. ನಂದಕುಮಾರ್ ಮುಖ ಗಂಟಿಕ್ಕಿದ.

ಎರಡು ಗಂಟೆಗೆ ಸ್ಥಳ ಪಂಚನಾಮೆ. ಹೆಡ್ ಕಾನ್‌ಸ್ಟೇಬಲ್ ಮರೆಪ್ಪ ಟಾರ್ಚ್ ಹಿಡಿದು, ಹೊಟ್ಟೆ ಎಳೆದುಕೊಂಡು ಸಿಸ್ಟಮ್ಮು ಇಟ್ಟ ಕಪಾಟಿನ ಹಿಂದೆ ತೂರಿದ. ಇಪ್ಪತ್ತೆಂಟು ವರ್ಷದ ಸರ್ವೀಸಿನಲ್ಲಿ ಅವನಿಗೊಂದು ಚಟ. ಏನು ಎತ್ತ ಗೊತ್ತಿಲ್ಲದಿದ್ದರೂ ಕಣ್ಣಿಗೆ ಬಿದ್ದದ್ದನ್ನೆಲ್ಲ ಎಣಿಸಿ ಬರೆಯುವುದು. 'ಕಪ್ಪು ಬಣ್ಣದ ರಿಸೀವರ್ ಒಂದು. ಸ್ಪೀಕರ್ ಎಂಟು. ಗೋಡೆಯ ಪೈಪಿನೊಳಗೆ ಹೋಗುವ ವೈರು ಒಂಬತ್ತು.' ಪಂಚರು ಸಹಿ ಹಾಕಿದರು. ಯಾರಿಗೂ ಏನೂ ಅನ್ನಿಸಲಿಲ್ಲ.

ಶುಕ್ರವಾರ ಬೆಳಗ್ಗೆ ಸುಮನ್ ಠಾಣೆಯಲ್ಲಿ ಕೂತಿದ್ದ. ಹೊಸ ಕೆಲಸ ಸಿಕ್ಕಿತ್ತು. ಸೋಮವಾರದೊಳಗೆ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಕೊಡಬೇಕಿತ್ತು. ಆ ಅರ್ಜಿ ಇದೇ ಠಾಣೆಯ ಪಕ್ಕದ ಮೇಜಿನ ಮೇಲಿತ್ತು. ಈ ಕೇಸಿನಲ್ಲಿ ಹೆಸರು ಸೇರಿದರೆ ಕೆಲಸ ಹೋದಂತೆಯೇ.

"ಹೊರಗಿಂದ ಆ ಮೆಷಿನ್ ಆನ್ ಮಾಡಬಹುದಾ?"

"ಇಡೀ ಬಿಲ್ಡಿಂಗಿಗೆ ಒಂದೇ ವೈಫೈ ಮೇಡಂ, ಅದರೊಳಗಿದ್ರೆ ಯಾರು ಬೇಕಾದ್ರೂ ಮಾಡಬಹುದು. ಹಿಂದೆ ನೆಟ್‌ವರ್ಕ್ ಪೋರ್ಟ್ ಇದೆ. ನಾಲ್ಕಕ್ಷರ ಟೈಪ್ ಮಾಡಿ ಕಳಿಸಿದ್ರೆ ಸಾಕು. ನೀನ್ಯಾರು ಅಂತ ಕೇಳಲ್ಲ, ಪಾಸ್‌ವರ್ಡ್ ಇಲ್ಲ."

"ನೀನು ಮಾಡಿದೀಯಾ?"

"ಒಂದೇ ಸಲ. ಏಪ್ರಿಲ್‌ನಲ್ಲಿ. ಆಫ್ ಮಾಡ್ದೆ, ಆನ್ ಅಲ್ಲ."

ಬುಧವಾರ ನಾಲ್ಕು ಹತ್ತಕ್ಕೆ ಆಫೀಸಿನಲ್ಲಿದ್ದೆ ಎಂದ. ಆಫೀಸಿನ ಕಾರ್ಡಿನ ದಾಖಲೆಯೂ ಹಾಗೇ ಹೇಳಿತು. ರೂಮಿನಲ್ಲಿ ಕಂಪ್ಯೂಟರಿಗೆ ಟೈಮ್ ಇಟ್ಟು ಹೋಗಿರುತ್ತಾನೆ ಎಂದು ನಂದಕುಮಾರ್ ಫೋನಿನಲ್ಲೇ ಕೂಗಾಡಿದ. ಅದೂ ಆಗಬಹುದಾದ ಮಾತೇ. ಸುಮನ್‌ನ ಲ್ಯಾಪ್‌ಟಾಪ್ ಸೀಲ್ ಆಯಿತು. ವೈಫೈ ಡಬ್ಬದ ದಾಖಲೆ ತೆಗೆಯಲು ಸೈಬರ್ ವಿಭಾಗದಿಂದ ಅಂಜನಾ ಎಂಬ ಹುಡುಗಿ ಬಂದಳು.

ಸಂಜೆ ಆರಕ್ಕೆ ಅಂಜನಾ ಹೇಳಿದ್ದು ಕೇಳಿ ಹೇಮಶ್ರೀ ಬಿಸ್ಕತ್ತನ್ನು ಚಹಾದಲ್ಲೇ ಬಿಟ್ಟಳು. ಬುಧವಾರ ಮೂರೂವರೆಯಿಂದ ಐದರವರೆಗೆ ಲೈನ್ ಕೆಲಸಕ್ಕೆಂದು ಆ ಬೀದಿಯ ಕರೆಂಟ್ ತೆಗೆದಿದ್ದರು. ಥಿಯೇಟರಿಗೆ ಇನ್ವರ್ಟರ್ ಇತ್ತು, ವೈಫೈ ಡಬ್ಬಕ್ಕೆ ಇರಲಿಲ್ಲ. ನಾಲ್ಕು ಹತ್ತಕ್ಕೆ ಆ ಮನೆಯಲ್ಲಿ ನೆಟ್‌ವರ್ಕೇ ಇರಲಿಲ್ಲ.

"ಮತ್ತೆ ಎಲ್ಲಿಂದ ಬಂತು ಆರ್ಡರ್ರು?" ಅಂದಳು ಹೇಮಶ್ರೀ.

ಹೇಮಶ್ರೀ ಮರೆಪ್ಪನ ಪಂಚನಾಮೆಯನ್ನು ಮತ್ತೆ ಓದಿದಳು. ಮೂರನೇ ಸಲ ಓದುವಾಗ ಬೆರಳು ನಿಂತಿತು.

"ಎಂಟು ಸ್ಪೀಕರ್ರಿಗೆ ಒಂಬತ್ತು ವೈರ್ ಯಾಕ್ರೀ ಮರೆಪ್ಪ?"

"ಇದ್ದಿದ್ದೇ ಅಷ್ಟು ಮೇಡಂ. ನಾನು ಜಾಸ್ತಿ ಬರ್ಯಲ್ಲ, ಕಮ್ಮೀನೂ ಬರ್ಯಲ್ಲ."

ಶನಿವಾರ ಬೆಳಗ್ಗೆ ಹತ್ತಕ್ಕೆ, ಪಂಚರ ಎದುರಿಗೇ ಕಪಾಟನ್ನು ಮುಂದಕ್ಕೆ ಎಳೆಸಿದಳು. ಸ್ಪೀಕರ್‌ಗಳನ್ನೆಲ್ಲ ನಡೆಸುವ ರಿಸೀವರ್‌ನ ಬೆನ್ನಿಗೆ ನೆಟ್‌ವರ್ಕ್ ತೂತಿನ ಕೆಳಗೇ ಇನ್ನೊಂದು ಬಾಗಿಲಿತ್ತು. ಒಂಬತ್ತು ಪಿನ್ನಿನ ಸೀರಿಯಲ್ ಪೋರ್ಟು. ಕಂಪ್ಯೂಟರಿನಿಂದ ನೇರ ವೈರು ಎಳೆದು ಜೋಡಿಸುವ ಹಳೇ ಕಾಲದ್ದು, ಈಗ ಮನೆಗಳಲ್ಲಿ ಯಾರೂ ಮುಟ್ಟುವುದಿಲ್ಲ. ಅದಕ್ಕೂ ಅದೇ ನಾಲ್ಕಕ್ಷರದ ಆರ್ಡರು ಸಾಕು. ವೈಫೈ ಬೇಡ, ಎಲ್ಲೂ ದಾಖಲೆಯಾಗುವುದಿಲ್ಲ ಎಂದು ಅಂಜನಾ ವಿವರಿಸಿದಳು. ಅದರಿಂದ ಹೊರಟ ವೈರು ಗೋಡೆಯ ಪೈಪಿನಲ್ಲಿ ಮೇಲಕ್ಕೆ ಹೋಗಿತ್ತು. ಗೇಣಿಗೊಂದರಂತೆ ಮೇಣದ ದಾರದ ಗಂಟು, ಪ್ರತಿ ತುದಿಗೂ ಕೈಯಲ್ಲಿ ಬರೆದ ನಂಬರಿನ ಚೀಟಿ. ಅಂಗಡಿಯವರು ಪ್ಲಾಸ್ಟಿಕ್ ಪಟ್ಟಿ ಬಿಗಿದು ಹೋಗುತ್ತಾರೆ. ಹೀಗೆ ಜಡೆ ಹೆಣೆದಂತೆ ವೈರು ಕಟ್ಟುವುದು ಹಳೆಯ ಕಾರ್ಖಾನೆಯ ಕೈ.

"ಈ ವೈರಿಂಗ್ ಯಾರ್ ಮಾಡಿದ್ದು?"

"ಫಸ್ಟ್ ಫ್ಲೋರ್ ಅಂಕಲ್ಲು, ಶಂಭುಲಿಂಗಪ್ಪನವರು," ಎಂದ ನಂದಕುಮಾರ್. ಯಂತ್ರ ತಯಾರಿಸುವ ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ದುಡಿದು ನಿವೃತ್ತರಾದವರು, ಮದುವೆಯಾಗಿಲ್ಲ, ಹನ್ನೊಂದು ವರ್ಷದಿಂದ ಇಲ್ಲೇ ಬಾಡಿಗೆಗಿದ್ದಾರೆ, ಒಂದು ಪೈಸೆ ಮುಟ್ಟದೆ ಮಾಡಿಕೊಟ್ಟರು ಎಂದ.

"ಕೆಟ್ಟರೆ ಯಾರನ್ನ ಕರೀತಿದ್ರಿ?"

"ಅವರನ್ನೇ. ಮೊದಲು ವಾರಕ್ಕೆರಡು ಸಲ ಕೆಡೋದು. ಬಂದು ಹತ್ತು ನಿಮಿಷದಲ್ಲಿ ಸರಿ ಮಾಡೋರು. ಅಮ್ಮ ಕಾಫಿ ಕೊಡೋರು, ಕೂತ್ಕೊಂಡು ಹರಟೆ ಹೊಡ್ಯೋರು."

"ಈಗ ಕರ್ಯಲ್ವಾ?"

"ಸ್ವಿಚ್ ಆಫ್ ಮಾಡಿ ಆನ್ ಮಾಡಿದ್ರೆ ಸರಿಹೋಗುತ್ತೆ ಅಂತ ನಮಗೇ ಗೊತ್ತಾಯ್ತಲ್ಲ ಮೇಡಂ. ಒಂದು ತಿಂಗಳಾಯ್ತು ಅವರನ್ನ ಕರೆದು."

ಹೇಳುತ್ತ ಹೇಳುತ್ತಲೇ ನಂದಕುಮಾರ್ ಮೇಲಕ್ಕೆ ಹೋದ ವೈರಿನತ್ತ ನೋಡಿದ. ಹೇಮಶ್ರೀ ಮೆಟ್ಟಿಲು ಹತ್ತಿದಳು.

ಬಾಗಿಲು ತೆರೆದೇ ಇತ್ತು. ಅರವತ್ತಾರು ವಯಸ್ಸಿನ, ಹಣೆಗೆ ವಿಭೂತಿ ಹಚ್ಚಿದ ಮನುಷ್ಯ ಮಂಚದ ಮೇಲೆ ಕೂತಿದ್ದರು. ಒಂದು ತಟ್ಟೆ, ಒಂದು ಲೋಟ, ಒಂದು ಕುರ್ಚಿ. ಮಂಚದ ಹಿಂದಿನ ಗೋಡೆಯಿಂದ ವೈರು ಹೊರಬಂದಿತ್ತು, ಪಕ್ಕದಲ್ಲಿ ಹಳೆಯ ಲ್ಯಾಪ್‌ಟಾಪ್. ಅಡಗಿಸಿಡುವ ಪ್ರಯತ್ನವೇನೂ ಕಾಣಲಿಲ್ಲ. ಅಡಗಿಸಲು, ಆ ರೂಮಿಗೆ ಬರುವವರಾದರೂ ಯಾರು?

"ನೀವು ಕೂತ್ಕೊಳ್ಳಿ ಮೇಡಂ," ಎಂದು ಇದ್ದೊಂದು ಕುರ್ಚಿಯನ್ನು ಒರೆಸಿ ಕೊಟ್ಟರು.

"ಬುಧವಾರ ನಾಲ್ಕು ಹತ್ತಕ್ಕೆ ಆನ್ ಮಾಡಿದ್ದು ನೀವೇನಾ?"

"ನಾನೇ."

"ಯಾಕೆ?"

"ಕರೀತಾರೆ ಅಂತ."

ಹೇಮಶ್ರೀ ಬರೆಯುತ್ತಿದ್ದವಳು ತಲೆಯೆತ್ತಿದಳು. ಅವರು ಮುಂದುವರಿಸಿದರು. ಈ ವೈರಿನಿಂದ ಸಣ್ಣಪುಟ್ಟ ತೊಂದರೆ ಕೊಟ್ಟರೆ ಕೆಳಗಿನ ಮನೆಯವರೇ ಸರಿ ಮಾಡಿಕೊಳ್ಳಲು ಕಲಿತುಬಿಟ್ಟರು. ದೊಡ್ಡದಾಗಿ ಕೆಟ್ಟಂತೆ ಕಂಡರೆ ಮಾತ್ರ ಅಂಕಲ್ ನೆನಪಾಗುತ್ತದೆ ಎಂದು ಇವರು ಅಂದುಕೊಂಡರು. ಗೌರಮ್ಮ ದಿನಾ ನಾಲ್ಕಕ್ಕೆ ಸಾರಕ್ಕಿ ಮಾರ್ಕೆಟ್ಟಿಗೆ ಹೋಗುವವರು. ಅವತ್ತು ಮೋಡ ಕವಿದಿತ್ತು, ಬಟ್ಟೆ ತೆಗೆಯಲು ಟೆರೇಸಿಗೆ ಹೋಗಿದ್ದಾರೆಂದು ಗೊತ್ತಿರಲಿಲ್ಲ. ಬಿದ್ದ ಸದ್ದಿಗೆ ಮೊದಲು ಓಡಿಬಂದವರು ಇವರೇ. ಆಟೋ ತಂದವರು, ಆಸ್ಪತ್ರೆಯಲ್ಲಿ ಕೂತವರು ಇವರೇ.

"ಅವತ್ತು ರಾತ್ರಿ ಅವರ ಮನೇಲೇ ಊಟಕ್ಕೆ ಕೂರಿಸಿದ್ರು ಮೇಡಂ," ಎಂದರು. "ಎರಡನೇ ತುತ್ತಿಗೇ ಕೈ ತೊಳ್ಕೊಂಡು ಎದ್ದೆ."

"ಸುಮನ್ ಮೇಲೆ ಅನುಮಾನ ಬಂದಾಗ ಯಾಕೆ ಬಾಯಿ ಬಿಡಲಿಲ್ಲ?"

"ಬಿಟ್ರೆ ಈ ರೂಮೂ ಹೋಗುತ್ತೆ. ನಾಳೆ ಹೇಳೋಣ, ನಾಳೆ ಹೇಳೋಣ ಅಂದ್ಕೊಂಡೆ. ಹುಡುಗನಿಗೆ ತಪ್ಪು ಮಾಡಿದೆ," ಎಂದರು.

ಲ್ಯಾಪ್‌ಟಾಪ್, ವೈರು ಜಪ್ತಿಯಾದವು. ಹನ್ನೆರಡು ನಲವತ್ತಕ್ಕೆ ಬಂಧನ. ಸುಮನ್‌ನ ಕ್ಲಿಯರೆನ್ಸ್ ಅರ್ಜಿಗೆ ಹೇಮಶ್ರೀ ಅಂದೇ ತಕರಾರಿಲ್ಲವೆಂದು ಷರಾ ಬರೆದು ಮುಂದಕ್ಕೆ ಕಳಿಸಿದಳು.

ಬಂಧನದ ಫಾರ್ಮಿನಲ್ಲಿ ಒಂದು ಕಾಲಂ ಇರುತ್ತದೆ. ಹಿಡಿದಿದ್ದೇವೆಂದು ಆರೋಪಿಯ ಕಡೆಯವರಲ್ಲಿ ಒಬ್ಬರಿಗೆ ಪೊಲೀಸರು ತಿಳಿಸಲೇಬೇಕು, ಕಾನೂನು. ಯಾರಿಗೆ ಹೇಳೋಣ ಎಂದು ಮರೆಪ್ಪ ಕೇಳಿದ. ಅಣ್ಣ ತಮ್ಮ? ಇಲ್ಲ. ಊರಿನವರು? ಹೋಗಿಬಂದು ಇಪ್ಪತ್ತು ವರ್ಷ. ಕಾರ್ಖಾನೆಯ ಸ್ನೇಹಿತರು? ಒಬ್ಬನಿದ್ದ, ಕೊರೋನಾದಲ್ಲಿ ಹೋದ. ಶಂಭುಲಿಂಗಪ್ಪ ಕೊನೆಗೊಂದು ನಂಬರ್ ಹೇಳಿದರು. ಬರೆದುಕೊಂಡ ಮರೆಪ್ಪ ಎಫ್‌ಐಆರ್ ತಿರುವಿ ನೋಡಿದ.

"ಇದು ಫಿರ್ಯಾದಿ ಮನೆ ನಂಬರ್ ಅಲ್ವೇನ್ರೀ?"

"ಹೌದು," ಎಂದರು. "ನನಗೆ ಬಾಯಿಪಾಠ ಇರೋದು ಅದೊಂದೇ ಸಾರ್."

ಹೇಮಶ್ರೀಯೇ ಫೋನ್ ಮಾಡಿದಳು. ಎತ್ತಿದ್ದು ನಂದಕುಮಾರ್‌ನ ಅಪ್ಪ ಬೋರಣ್ಣ. ಇಂಥವರನ್ನು ಬಂಧಿಸಿದ್ದೇವೆ, ನಿಮ್ಮ ನಂಬರ್ ಕೊಟ್ಟಿದ್ದಾರೆ ಎಂದು ಹೇಳಿದಳು. ಫ್ಯಾನಿನ ಸದ್ದಿನ ನಡುವೆ ಮುದುಕನ ದನಿ ಬಂತು.

"ಅವರ ಬಿಪಿ ಮಾತ್ರೆ ರೂಮಲ್ಲೇ ಇರ್ತದೆ ಕಣಮ್ಮ, ಕಿಟಕಿ ಮೇಲೆ. ಮಧ್ಯಾಹ್ನದ್ದು ತಗೊಂಡಿರಲ್ಲ."

ಹಿಂದಿನಿಂದ ಮಗ ಯಾರಪ್ಪಾ ಅದು ಎಂದು ಕೇಳಿದ್ದು ಕೇಳಿಸಿತು, ಲೈನ್ ಕಟ್ಟಾಯಿತು. ಆರೋಪಿಗೆ ಸಂಬಂಧ ಏನು ಎಂಬ ಕಾಲಂನಲ್ಲಿ ಹೇಮಶ್ರೀ ಪೆನ್ನು ಹಿಡಿದು ಕೂತಳು. ಅವಳ ಫೋನೂ ದಿನವಿಡೀ ಹೊಡೆದುಕೊಳ್ಳುತ್ತದೆ, ಠಾಣೆಯ ಕೆಲಸಕ್ಕೆ ಮಾತ್ರ. ಕೊನೆಗೆ 'ಪರಿಚಿತರು' ಎಂದು ಬರೆದು ಸಹಿ ಹಾಕಿ, ಮಾತ್ರೆ ತರಲು ಮರೆಪ್ಪನನ್ನು ಕಳಿಸಿದಳು.

ಕತೆ ಇಷ್ಟೇ. ಇದನ್ನು ಇನ್ನೊಬ್ಬರಿಗೆ ಮುಟ್ಟಿಸಿ, ಆದರೆ ಬೆರಳಲ್ಲಿ ಒತ್ತಿ ಕಳಿಸಬೇಡಿ. ಯಾರದಾದರೂ ಬಾಗಿಲು ತಟ್ಟಿ, ಎದುರಿಗೆ ಕೂತು, ಬಾಯಲ್ಲಿ ಹೇಳಿ.