ಹಸಿರು ಬಳೆಯ ಬೋಣಿ

ಬೋಣಿ ಆಗದ ಅಂಗಡಿಯ ಮುಂದೆ ಕೆಂಪು ಬಣ್ಣದ ಡಬ್ಬಿ ಹಿಡಿದು ನಿಲ್ಲಬಾರದು. ಹುಮನಾಬಾದಿನ ಹಳೇ ಬಜಾರಿನಲ್ಲಿ ಇದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಆದರೆ ಆ ಬೆಳಿಗ್ಗೆ ಬಂದ ಹೊಸ ಇಂಜಿನಿಯರನಿಗೆ ಯಾರೂ ಹೇಳಿರಲಿಲ್ಲ.

ರೂಪಾಲಿ ಬಳೆಗಳ ಸಾಲಿಗೆ ಊದುಬತ್ತಿ ಬೆಳಗುತ್ತಿದ್ದಳು. ಹೊರಗೋಡೆಯ ಮೇಲೆ ಬ್ರಷ್ ಏರುವುದು ಕಂಡದ್ದೇ ತಡ, ಊದುಬತ್ತಿ ಹಿಡಿದ ಹಾಗೆಯೇ ಎದ್ದು ಬಂದಳು.

"ಏ, ನಿಲ್ರಿ! ಬೋಣಿ ಆಗಿಲ್ಲ ಇನ್ನ. ಮುಂಜಾನೆದ್ದು ಗೋಡಿಗಿ ಕೆಂಪು ಬಳೀತೀರೇನ್ರಿ?"

"ಮಾರ್ಕ್ ಮಾಡಬೇಕ್ರಿ. ಹೊಸಾ ಮಾರ್ಕೆಟ್ ಕಟ್ಟಾಕ ಈ ಸಾಲು ಪೂರಾ ಒಡೀತಾರ."

"ಒಡಿಯೂದು ಗೊತ್ತದ. ಬೋಣಿ ಆದ ಮ್ಯಾಲ ಮಾರ್ಕ್ ಮಾಡ್ರಿ."

ಅವನು ಎತ್ತಿದ ಬ್ರಷ್ಷನ್ನು ಕೆಳಗಿಳಿಸಿದ. ಬ್ರಷ್ಷಿನಿಂದ ಬಣ್ಣ ಜಾರಿ ಅವನದೇ ಬೂಟಿನ ಮೇಲೆ ಬಿತ್ತು. ಪಕ್ಕದ ಅಂಗಡಿಯಲ್ಲಿ ರಿಬ್ಬನ್ನು, ಸುರ್ಮಾ ಮಾರುವ ಸರ್ವರಿ ಖಾಲಾ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು.

"ಹಂಗಾದ್ರ ನಾನ ಬೋಣಿ ಮಾಡ್ತೀನಿ. ಒಂದ್ ಡಜನ್ ಬಳಿ ಕೊಡ್ರಿ," ಎಂದ ಇಂಜಿನಿಯರ.

"ಯಾವ ಬಣ್ಣ?"

ಅವನು ಸುಮ್ಮನೆ ಎದುರಿಗೆ ಬೆರಳು ಚಾಚಿದ. ಅಲ್ಲಿ ಹಸಿರು ಬಳೆಗಳಿದ್ದವು.

"ಅಳತಿ?"

ಅವನು ಕಪಾಟು ನೋಡಿದ, ಸೂರು ನೋಡಿದ, ಕೊನೆಗೆ ಅವಳ ಕೈ ನೋಡಿದ. ನೋಡಿದವನು ಸ್ವಲ್ಪ ಹೆಚ್ಚೇ ಹೊತ್ತು ನೋಡಿದ.

"ನಿಮ್ಮ ಕೈಯಷ್ಟ," ಎಂದ.

ಬೋಣಿಗೆ ಮೊಬೈಲಿನ ಸ್ಕ್ಯಾನರ್ ನಡೆಯುವುದಿಲ್ಲ, ನೋಟು ಕೈಗೇ ಬರಬೇಕು. ರೂಪಾಲಿ ನೋಟು ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು. ಬಳೆಗಳನ್ನು ಕಾಗದದಲ್ಲಿ ಸುತ್ತಿ, ಕೆಂಪು ದಾರದಿಂದ ಅವ್ವ ಕಲಿಸಿದ್ದ ಗಂಟು ಹಾಕಿ ಕೊಟ್ಟಳು. ಅವನು ಪೊಟ್ಟಣವನ್ನು ಜೇಬಿನಲ್ಲಿಟ್ಟುಕೊಂಡು, ಕ್ಷಮೆ ಕೇಳುವವನಂತೆ ಮೆಲ್ಲಗೆ ಗೋಡೆಗೆ ಗೀಟು ಎಳೆದ.

ಈಗ ಒಂದು ಮಾತು ಹೇಳಬೇಕು. ಈ ಕಡೆ ಮದುಮಗಳ ಕೈಗೆ ಏರುವುದು ಹಸಿರು ಗಾಜಿನ ಬಳೆ. ಮದುವೆಯಾದವರು ಮತ್ತೆ ಮತ್ತೆ ಬಂದು ಕೇಳುವುದೂ ಅದನ್ನೇ. ಗಂಡಸೊಬ್ಬ ಹಸಿರು ಬಳೆ ಕಟ್ಟಿಸಿಕೊಂಡು ಹೋದನೆಂದರೆ ಮನೆಯಲ್ಲಿ ಹೆಂಡತಿ ಇದ್ದಾಳೆ ಎಂದೇ ಅರ್ಥ, ಅದನ್ನು ಯಾರೂ ಕೇಳಲು ಹೋಗುವುದಿಲ್ಲ. ರೂಪಾಲಿಯೂ ಕೇಳಲಿಲ್ಲ. ಕೇಳಿದ್ದರೆ ಮುಂದಿನ ಸಂಕಟವೆಲ್ಲ ಅಲ್ಲಿಗೇ ಮುಗಿಯುತ್ತಿತ್ತು, ಈ ಕಥೆಯೂ ಮುಗಿಯುತ್ತಿತ್ತು.

ಮರುದಿನ ಅವನಿಗೆ ಆ ಓಣಿಯಲ್ಲಿ ಕೆಲಸವಿರಲಿಲ್ಲ. ಆದರೂ ಬಂದ.

"ನಿನ್ನಿ ವ್ಯಾಪಾರ ಹ್ಯಾಂಗಾಯ್ತ್ರಿ?"

"ಕೊಡಂಬಲದಿಂದ ಮದಿವಿ ಮಂದಿ ಬಂದಿದ್ರು. ಸಂಜಿತನಕಾ ತಲಿ ಎತ್ತಾಕ ಆಗ್ಲಿಲ್ಲ. ನಿಮ್ಮ ಕೈಗುಣ ಛಲೋ ಅದ ನೋಡ್ರಿ."

ಹಾಗೆ ಹೇಳಬಾರದಿತ್ತು. ಅಂದಿನಿಂದ ಇಂಜಿನಿಯರ್ ಅಂಬರೀಷ ದಿನಾ ಬೆಳಿಗ್ಗೆ ಬಸವಕಲ್ಯಾಣದಿಂದ ಬೈಕಿನಲ್ಲಿ ಬಂದವನು ಸೈಟಿಗೆ ಹೋಗುವ ಮೊದಲು ಅವಳ ಅಂಗಡಿಯ ಮುಂದೆ ಇಳಿಯತೊಡಗಿದ. ಹಣೆಯ ಮೇಲೆ ಹೆಲ್ಮೆಟ್ಟಿನ ಗೆರೆ, ಹುಬ್ಬಿನಲ್ಲಿ ನಿನ್ನೆಯ ಸಿಮೆಂಟು.

"ಒಂದ್ ಡಜನ್. ಹಸಿರು."

"ಅದ ಅಳತಿ?"

"ಅದ ಅಳತಿ."

ಅವನು ಹೋದ ಮೇಲೆ ರೂಪಾಲಿ ಕಾಣದ ಆ ಹೆಂಡತಿಯ ಮೇಲೆ ಹೊಟ್ಟೆಕಿಚ್ಚು ಪಡುತ್ತಿದ್ದಳು. ದಿನಾ ಒಂದು ಡಜನ್ ಬಳೆ! ಆಕೆ ಏನು, ಬಳೆ ಹಾಕಿಕೊಂಡು ಕಲ್ಲು ಒಡೆಯುತ್ತಾಳೋ? ಹೀಗೆ ಯೋಚಿಸಿ ತಾನೇ ನಾಚಿಕೊಳ್ಳುತ್ತಿದ್ದಳು. ಮರುದಿನ ಬೈಕಿನ ಸದ್ದು ಕೇಳಿದೊಡನೆ ಕನ್ನಡಿಯ ಕಡೆ ಒಮ್ಮೆ ತಿರುಗದೆ ಇರುತ್ತಿರಲಿಲ್ಲ.

ಅವಳಿಗೆ ಬೇರೆ ಚಿಂತೆಯೂ ಇತ್ತು. ಅಂಗಡಿ ಅವಳ ಅವ್ವನದು. ಅವ್ವ ತೀರಿಕೊಂಡ ಮೇಲೆ ರೂಪಾಲಿ ನಡೆಸುತ್ತಿದ್ದಳು, ಆದರೆ ಹಕ್ಕು ಅಪ್ಪನ ತಮ್ಮ ಓಂಪ್ರಕಾಶ ಕಾಕಾನ ಹೆಸರಿನಲ್ಲಿತ್ತು. ಹೊಸ ಮಾರ್ಕೆಟ್ಟಿನಲ್ಲಿ ಸಿಗುವ ಅಂಗಡಿಯನ್ನು ಮೊಬೈಲ್ ಮಾರುವವರಿಗೆ ಬಾಡಿಗೆ ಕೊಡುವ ಆಸೆ ಕಾಕಾನಿಗೆ.

"ಆ ಕಟ್ಟಿ ಇಲ್ಲದ ಹೊಸಾ ಅಂಗಡ್ಯಾಗ ಯಾರು ಬಂದು ಬಳಿ ಇಡಿಸ್ಕೋತಾರ? ನೀ ಮನ್ಯಾಗ ಆರಾಮ ಇರು," ಎನ್ನುತ್ತಿದ್ದ.

ಕಾಕಾ ಕೆಟ್ಟವನಲ್ಲ. ಅವನ ಮಾತಿನಲ್ಲಿ ನಿಜವೂ ಇತ್ತು. ಹಳೇ ಅಂಗಡಿಯ ಮುಂದೆ ಶಹಾಬಾದ್ ಕಲ್ಲು ಹಾಸಿದ ಕಟ್ಟೆಯಿತ್ತು. ನಿರ್ಣಾ, ಕೊಡಂಬಲದ ಹೆಂಗಸರು ಬಸ್ಸಿಳಿದು ಬಂದು ಅದರ ಮೇಲೆ ಕೂತು, ಕಾಲು ಇಳಿಬಿಟ್ಟು, ಕೈಯನ್ನು ರೂಪಾಲಿಯ ಮಡಿಲಿಗೆ ಕೊಡುತ್ತಿದ್ದರು. ಕೂತರೆ ಕೈ ಸಡಿಲಾಗುತ್ತದೆ, ಮಾತೂ ಸಡಿಲಾಗುತ್ತದೆ. ಅತ್ತೆಯ ಕಾಟ, ಮಗಳ ಬಸಿರು, ಬಾರದ ಮಳೆ ಎಲ್ಲ ಹೇಳಿ ಮುಗಿಯುವಷ್ಟರಲ್ಲಿ ಬಳೆ ನೋವಿಲ್ಲದೆ ಏರಿರುತ್ತಿತ್ತು. ಆ ಕಲ್ಲು ಅಷ್ಟು ವರ್ಷ ಕೂತವರಿಂದಲೇ ನುಣುಪಾಗಿತ್ತು.

ಚಳಿಗಾಲ ಮುಗಿಯುವ ಮೊದಲು ಸಾಲು ಬಿತ್ತು. ಜೆಸಿಬಿ ಬಂದಾಗ ರೂಪಾಲಿ ನೋಡಲು ನಿಲ್ಲಲಿಲ್ಲ. ಬಸ್ ಸ್ಟ್ಯಾಂಡಿನ ಬದಿಯ ತಗಡಿನ ಶೆಡ್ಡಿಗೆ ಎಲ್ಲರೂ ಬಂದರು. ಅವಳು ಹಲಗೆಯೊಂದನ್ನು ಇಟ್ಟಿಗೆಯ ಮೇಲಿಟ್ಟು ಕಟ್ಟೆ ಮಾಡಿಕೊಂಡಳು. ಬೋಣಿ ಮಾತ್ರ ತಪ್ಪಲಿಲ್ಲ, ಅಂಬರೀಷ ತಗಡಿನ ಬಾಗಿಲಿಗೂ ಬಂದ.

ನಿಜ ಹೇಳಬೇಕೆಂದರೆ ಹೊಸ ಕಟ್ಟಡ ಏಳುವುದನ್ನು ನೋಡಲು ಅವಳಿಗೂ ಖುಷಿ. ಕಂಬಗಳು ಎದ್ದವು, ಸ್ಲ್ಯಾಬ್ ಬಿತ್ತು, ಸಂದಿಯಂತಿದ್ದ ದಾರಿ ಅಗಲವಾಯಿತು. ಮಳೆಗಾಲದಲ್ಲಿ ಮೊಣಕಾಲು ಮಟ್ಟ ನೀರು ನಿಲ್ಲುತ್ತಿದ್ದ ಕಡೆ ಈಗ ಚರಂಡಿ ಬಂದಿತ್ತು. ಆ ನೀರಿನಲ್ಲಿ ಅವ್ವ ಬಳೆಯ ಡಬ್ಬಿಗಳನ್ನು ತಲೆಯ ಮೇಲೆ ಹೊತ್ತದ್ದು ನೆನಪಾಗಿ, ಇದು ಸ್ವಲ್ಪ ಮೊದಲೇ ಆಗಬಾರದಿತ್ತೇ ಅನಿಸಿತು.

ಒಂದು ದಿನ ಅವನೇ ಕೇಳಿದ. "ಹೊಸಾ ಅಂಗಡಿ ನೋಡಿದ್ರೇನ್ರಿ?"

"ನೋಡೀನಿ. ಶಟರ್ ಮುಂದ ಮೆಟ್ಲ, ಮೆಟ್ಲ ಮುಂದ ದಾರಿ. ನನ್ನ ಹೆಣ್ಮಕ್ಕಳು ಎಲ್ಲಿ ಕೂಡಬೇಕ್ರಿ? ನಿಂತು ಬಳಿ ಇಡಿಸ್ಕೊಳ್ಳೂದು ಹ್ಯಾಂಗ ಇರ್ತದ, ನೋಡ್ತೀರೇನು? ಖಾಲಾ, ಇಲ್ಲಿ ನಿಲ್ರಿ."

ಸರ್ವರಿ ಖಾಲಾ ಎದ್ದು ನಿಂತು ಕೈ ಚಾಚಿದಳು. ರೂಪಾಲಿ ಬಳೆ ಒತ್ತಿದಳು. ಖಾಲಾ ಕಣ್ಣು ಮುಚ್ಚಿ "ಯಾ ಅಲ್ಲಾ!" ಎಂದು ಎಷ್ಟು ದೊಡ್ಡದಾಗಿ ಕೂಗಿದಳೆಂದರೆ ಆಟೋದವರು ತಿರುಗಿ ನೋಡಿದರು. ಅರ್ಧ ನಾಟಕ, ಅರ್ಧ ನಿಜ.

ಅಂಬರೀಷ ನಗಲಿಲ್ಲ. "ಶಟರ್ ಹೊರಗ ಏನೂ ಕಟ್ಟಾಕ ಬರಂಗಿಲ್ರಿ. ಶಟರ್‌ನ ಒಳಗ ಸರಿಸಿದ್ರ? ಅಂಗಡಿ ಸ್ವಲ್ಪ ಸಣ್ಣದಾಗ್ತದ."

"ಸಣ್ಣದಾದ್ರ ಆಗ್ಲಿ. ನಾ ಬಳಿ ಮಾರಾಕಿ, ಆನಿ ಕಟ್ಟಾಕಿ ಅಲ್ಲ."

ಈಗ ನಕ್ಕ. ನಗುವಾಗ ಅವನ ಎಡಗಣ್ಣು ಮೊದಲು ಸಣ್ಣದಾಗುತ್ತದೆ, ಆಮೇಲೆ ಬಲಗಣ್ಣು. ಇದನ್ನು ತಾನು ಯಾವಾಗ ಗಮನಿಸಿದೆ ಎಂದು ರೂಪಾಲಿಗೇ ಹೆದರಿಕೆಯಾಯಿತು. ಮದುವೆಯಾದವನ ಕಣ್ಣು ಯಾವುದು ಮೊದಲು ಸಣ್ಣದಾದರೆ ನನಗೇನು?

ಆ ಹೆದರಿಕೆಯಲ್ಲೇ ಪೊಟ್ಟಣಕ್ಕೆ ಗಂಟು ಹಾಕಿದಳು. ದಾರ ಬಿಗಿಯಾಗಲಿಲ್ಲ. ಅವನು ಗಂಟಿನ ಮೇಲೆ ಬೆರಳಿಟ್ಟು ಹಿಡಿದ. ಅವಳು ಕೈ ಹಿಂದೆಗೆದುಕೊಳ್ಳಬೇಕಿತ್ತು, ಹಿಂದೆಗೆಯಲಿಲ್ಲ. ಅದಕ್ಕೇ ಅವಳಿಗೆ ತನ್ನ ಮೇಲೆ ಸಿಟ್ಟು ಬಂತು.

"ನಾಳಿಯಿಂದ ಬೋಣಿಗಿ ಬರಬ್ಯಾಡ್ರಿ," ಎಂದಳು.

"ಯಾಕ್ರಿ? ನನ್ನಿಂದ ಏನು ತಪ್ಪಾಯ್ತು?"

"ಏನೂ ಆಗಿಲ್ಲ. ಆಗೂದು ಬ್ಯಾಡ."

ಅವನು ಅವಳ ಮುಖ ನೋಡಿದ. ಅವಳು ಬಳೆ ಒರೆಸುತ್ತಾ ಕೂತಳು, ಒರೆಸಿದ್ದನ್ನೇ ಮತ್ತೆ ಒರೆಸಿದಳು. ಬೈಕ್ ಹೊರಟ ಸದ್ದು ಕೇಳಿದ ಮೇಲೆ ಕಣ್ಣು ಒರೆಸಿಕೊಂಡಳು.

ಅವನು ಬರಲಿಲ್ಲ. ಬೋಣಿ ಯಾರಿಂದಲೋ ಆಗುತ್ತಿತ್ತು, ವ್ಯಾಪಾರವೂ ಆಗುತ್ತಿತ್ತು. ಬೆಳಗು ಮಾತ್ರ ಸಪ್ಪಗಾಗಿತ್ತು. ಸರ್ವರಿ ಖಾಲಾ ತನ್ನ ಅಂಗಡಿಯಿಂದಲೇ ನೋಡಿ ನೋಡಿ ನಿಟ್ಟುಸಿರು ಬಿಡುತ್ತಿದ್ದಳು. ಕಾಕಾ ಮೊಬೈಲ್ ಅಂಗಡಿಯವರನ್ನು ಒಮ್ಮೆ ಕರೆತಂದು ಹೊಸ ಜಾಗ ತೋರಿಸಿಯೂ ಆಯಿತು.

ಶ್ರಾವಣ ಹತ್ತಿರ ಬಂದಾಗ, ಅಂಗಡಿಗಳು ಸಿದ್ಧವಾಗಿವೆ, ಬಂದು ನೋಡಿಕೊಳ್ಳಿ ಎಂದು ಎಲ್ಲರಿಗೂ ಹೇಳಿಕಳಿಸಿದರು. ರೂಪಾಲಿ ಒಬ್ಬಳೇ ಹೋದಳು. ತನ್ನ ಅಂಗಡಿಯ ಮುಂದೆ ಬಂದವಳು ಅಲ್ಲೇ ನಿಂತುಬಿಟ್ಟಳು.

ಸಾಲಿನಲ್ಲಿ ಇದೊಂದರ ಶಟರ್ ಮಾತ್ರ ಒಳಗೆ ಸರಿದಿತ್ತು. ಅದರ ಮುಂದೆ ಕಟ್ಟೆ. ಕಟ್ಟೆಯ ಮೇಲೆ ಹೊಸ ಟೈಲ್ಸ್ ಇರಲಿಲ್ಲ, ಜೆಸಿಬಿ ಬಂದ ದಿನ ಯಾರೋ ಎತ್ತಿಟ್ಟಿದ್ದ ಹಳೇ ಶಹಾಬಾದ್ ಕಲ್ಲಿತ್ತು. ರೂಪಾಲಿ ಬಗ್ಗಿ ಕೈಯಾಡಿಸಿದಳು. ಅದೇ ನುಣುಪು. ಮೂಲೆಯಲ್ಲಿ ಅವ್ವ ಅಡಿಕೆ ಕುಟ್ಟಿ ಕುಟ್ಟಿ ಬಿದ್ದ ಸಣ್ಣ ಕುಳಿಯೂ ಹಾಗೇ ಇತ್ತು. ಅವಳು ಆ ಕುಳಿಯಲ್ಲಿ ಬೆರಳಿಟ್ಟುಕೊಂಡು ಅತ್ತಳು.

ಅತ್ತ ಮೇಲೆ ಅಂಬರೀಷನಿಗೆ ಥ್ಯಾಂಕ್ಸ್ ಹೇಳದೆ ಹೋಗುವುದು ಸರಿಯಲ್ಲ ಎಂದುಕೊಂಡಳು. ಇದು ನೆಪ ಎಂದು ಅವಳಿಗೂ ಗೊತ್ತಿತ್ತು. ಸೈಟಿನ ಹಿಂದಿನ ಆಫೀಸ್ ಶೆಡ್ಡಿಗೆ ಹೋದಳು. ಒಳಗೆ ಯಾರೂ ಇರಲಿಲ್ಲ. ಸಿಮೆಂಟ್ ಚೀಲ, ಒಂದು ಕುರ್ಚಿ, ಗೋಡೆಗೊಂದು ಹಲಗೆ. ಹಲಗೆಯ ತುಂಬಾ ಕಾಗದದ ಪೊಟ್ಟಣಗಳು ಸಾಲಾಗಿದ್ದವು. ಪ್ರತಿಯೊಂದಕ್ಕೂ ಕೆಂಪು ದಾರ, ಅವಳದೇ ಗಂಟು. ಒಂದನ್ನೂ ಬಿಚ್ಚಿರಲಿಲ್ಲ.

"ಅವನ್ನ ಮುಟ್ಟಬ್ಯಾಡ್ರಿ, ಒಡೀತಾವ," ಎಂದು ಹಿಂದಿನಿಂದ ದನಿ ಬಂತು. ತಿರುಗಿದಾಗ ಅಂಬರೀಷ ಹೆಲ್ಮೆಟ್ ಕೈಯಲ್ಲಿ ಹಿಡಿದು, ಸಿಕ್ಕಿಬಿದ್ದ ಕಳ್ಳನ ಮುಖ ಮಾಡಿಕೊಂಡು ನಿಂತಿದ್ದ.

"ಇವು ಇಲ್ಲಿ ಯಾಕ ಅವ್ರಿ? ಮನಿಗಿ ಒಯ್ದಿಲ್ಲ?"

"ಒಯ್ದು ಯಾರಿಗಿ ಕೊಡ್ಲಿ?"

"ನಿಮ್ಮ ಹೆಂಡ್ತಿಗಿ."

"ಯಾವ ಹೆಂಡ್ತಿ?" ಅವನು ನಿಜವಾಗಿಯೇ ಬೆಚ್ಚಿದ. "ನಾನು, ನಮ್ಮ ಅವ್ವ, ಇಬ್ಬರ ಅದೀವಿ. ನನಗ ಹೆಂಡ್ತಿ ಅದಾಳಂತ ಯಾರು ಹೇಳಿದ್ರು?"

"ನೀವ ಹೇಳಿದ್ರಿ! ದಿನಾ ಬಂದು ಹಸಿರು, ಹಸಿರು ಅಂದ್ರ ಮತ್ತೇನು ತಿಳ್ಕೋಬೇಕು? ಮದಿವಿ ಆಗದವರು ಹಸಿರು ಬಳಿ ತಗೋತಾರೇನ್ರಿ?"

ಅವನು ಕುರ್ಚಿಯ ಮೇಲೆ ಕೂತ. "ನನಗ ಅದೇನ್ ಗೊತ್ತ್ರಿ? ನಾ ಸಣ್ಣವ ಇದ್ದಾಗ ಅಪ್ಪ ತೀರ್ಕೊಂಡ್ರು. ಆವತ್ತಿನಿಂದ ಅವ್ವ ಗಾಜಿನ ಬಳಿ ಇಟ್ಟಿಲ್ಲ. ನಮ್ಮ ಮನ್ಯಾಗ ಬಳಿ ಸಪ್ಪಳ ಕೇಳಿ ಭಾಳ ದಿವಸ ಆಯ್ತು. ಮೊದಲನೇ ದಿವಸ ಎದುರಿಗಿ ಕಂಡದ್ದಕ್ಕ ಬೆರಳು ಮಾಡಿದ್ದೆ. ಆಮ್ಯಾಲ ಬಣ್ಣ ಬದಲಿ ಮಾಡಿದ್ರ ನಿಮ್ಮ ವ್ಯಾಪಾರ ಕೆಡ್ತದೋ ಏನೋ ಅಂತ ಹೆದರಿದೆ."

"ಮತ್ತ ಅಳತಿ?"

ಅವನು ಹೆಲ್ಮೆಟ್ಟನ್ನು ಒಂದು ಸುತ್ತು ತಿರುಗಿಸಿದ.

"ಅಳತಿ ಸುಳ್ಳ ಹೇಳಿಲ್ರಿ," ಎಂದ.

ರೂಪಾಲಿಗೆ ನಗು ಬಂತು, ಅಳುವೂ ಬಂತು, ಯಾವುದನ್ನು ಮೊದಲು ಬಿಡಬೇಕೋ ತಿಳಿಯಲಿಲ್ಲ. ಇಷ್ಟು ದಿನ ಪಟ್ಟ ಹೊಟ್ಟೆಕಿಚ್ಚು ತನ್ನ ಮೇಲೆಯೇ ಎಂದು ಗೊತ್ತಾದರೆ ಯಾರಿಗಾದರೂ ಹಾಗೇ ಆಗುತ್ತದೆ. ಬಾಗಿಲತನಕ ಹೋಗಿ, ತಿರುಗಿ ನಿಂತಳು.

"ಅಂಗಡಿ ತೆರಿಯೂ ದಿವಸ ಬೋಣಿಗಿ ಬರ್ರಿ. ಇವನ್ನೆಲ್ಲ ತಗೊಂಡು ಬರ್ರಿ."

ಶ್ರಾವಣದ ಮೊದಲ ಸೋಮವಾರ ಹೊಸ ಮಾರ್ಕೆಟ್ ತೆರೆಯಿತು. ಶಟರ್ ಎತ್ತುವ ಮೊದಲೇ ಕಟ್ಟೆಯ ಮೇಲೆ ನಿರ್ಣಾದ ಹೆಂಗಸರು ಕೂತುಬಿಟ್ಟಿದ್ದರು.

"ಏ ರೂಪಾ, ಇದು ನಿಮ್ಮ ಅವ್ವನ ಕಟ್ಟೀನ ಅಲ್ಲೇನ? ಕೂತ ಕೂಡ್ಲೆ ಗೊತ್ತಾಯ್ತು!" ಎಂದಳು ಒಬ್ಬಳು.

ಕಾಕಾ ಓಂಪ್ರಕಾಶ ದೂರ ನಿಂತು ನೋಡಿದ. ಮೊಬೈಲಿನವರಿಂದ ಫೋನ್ ಬಂತು. "ಈ ಅಂಗಡಿ ಸಿಗಂಗಿಲ್ರಿ, ಬ್ಯಾರೆ ನೋಡ್ಕೋರಿ," ಎಂದು ಹೇಳಿ ಜೇಬಿಗಿಟ್ಟು, ಹೆಂಗಸರಿಗೆಲ್ಲ ಚಹಾ ಹೇಳಲು ಹೋದ. ಅವನು ಸೋಲೊಪ್ಪುವ ರೀತಿಯೇ ಅದು.

ಆಗ ಬೈಕ್ ಬಂತು. ಅಂಬರೀಷನ ಕೈಯಲ್ಲಿ ದೊಡ್ಡ ಚೀಲ. ಹೆಂಗಸರು ಒಬ್ಬರನ್ನೊಬ್ಬರು ತಿವಿದರು. ರೂಪಾಲಿ ಚೀಲ ತೆಗೆದುಕೊಂಡು, ಹಸಿರು ಬಳೆಯ ಪೊಟ್ಟಣಗಳನ್ನೆಲ್ಲ ಎಲ್ಲಕ್ಕಿಂತ ಮೇಲಿನ ಹಲಗೆಯ ಮೇಲೆ ಇಟ್ಟಳು.

"ಇವು ಮಾರೂವಲ್ಲ," ಎಂದಳು. "ಇವನ್ನ ಇಡಾಕ ಹಿರ್ಯಾರು ಬರಬೇಕು. ಇವತ್ತಿನ ಬೋಣಿಗಿ ಬ್ಯಾರೆ ಬಣ್ಣ ಆರಿಸ್ರಿ. ನೋಡಿ ಆರಿಸ್ರಿ."

ಅವನು ಈ ಸಲ ಅವಸರ ಮಾಡಲಿಲ್ಲ. ಸಾಲು ಸಾಲೇ ನೋಡಿ, ನೀಲಿಯ ಮೇಲೆ ಬೆರಳಿಟ್ಟ. ನೋಟು ಅವಳ ಕೈಗೆ ಕೊಟ್ಟ.

"ಅಳತಿ?" ಎಂದು ಸರ್ವರಿ ಖಾಲಾ ಪಕ್ಕದಿಂದ ಕೂಗಿದಳು.

"ರೂಪಾಲಿಯವರ ಕೈಯಷ್ಟ," ಎಂದ ಅವನು, ಎಲ್ಲರಿಗೂ ಕೇಳುವ ಹಾಗೆ.

ಕಟ್ಟೆಯ ಮೇಲೆ ಒಂದೇ ಸಮನೆ ನಗು ಎದ್ದಿತು. ರೂಪಾಲಿ ನೋಟನ್ನು ಕಣ್ಣಿಗೊತ್ತಿಕೊಂಡಳು. ಆಮೇಲೆ ತನ್ನ ಜಾಗದಿಂದ ಎದ್ದು, ಸುತ್ತಿ ಬಂದು, ಹೆಂಗಸರ ನಡುವೆ ಅವ್ವನ ಕಲ್ಲಿನ ಮೇಲೆ ಕೂತಳು. ಹುಟ್ಟಿದಾಗಿನಿಂದ ಆ ಅಂಗಡಿಯಲ್ಲಿದ್ದವಳು ಗಿರಾಕಿಯಾಗಿ ಕೂತದ್ದು ಇದೇ ಮೊದಲು. ಸರ್ವರಿ ಖಾಲಾ ಎದುರಿಗೆ ಬಂದು ಅವಳ ಕೈಯನ್ನು ಮಡಿಲಿಗೆ ತೆಗೆದುಕೊಂಡಳು. ನೀಲಿ ಬಳೆಗಳು ಒಂದೊಂದಾಗಿ ಏರಿದವು, ಒಂದೂ ಒಡೆಯಲಿಲ್ಲ.

ಅಂಬರೀಷ ಅಲ್ಲೇ ನಿಂತಿದ್ದ. ಎಡಗಣ್ಣು ಸಣ್ಣದಾಯಿತು, ಆಮೇಲೆ ಬಲಗಣ್ಣು.

"ಅವ್ವನ್ನ ಯಾವತ್ತು ಕರ್ಕೊಂಡು ಬರ್ತೀರಿ?" ಎಂದು ಅವಳು ಮೆಲ್ಲಗೆ ಕೇಳಿದಳು.

"ನೀವು ಹೇಳಿದ ದಿವಸ. ಆದ್ರ ಅವ್ವ ಬಳಿ ಅಂಗಡಿಗಿ ಬಂದು ಭಾಳ ವರ್ಷ ಆಯ್ತ್ರಿ. ಹೊರಗ ನಿಲ್ತಾಳೋ ಏನೋ."

"ಹೊರಗ ಯಾಕ ನಿಲ್ತಾರ್ರಿ?" ರೂಪಾಲಿ ತನ್ನ ಪಕ್ಕದ ಕಲ್ಲನ್ನು ಸೆರಗಿನಿಂದ ಒರೆಸಿದಳು. "ಇಲ್ಲಿ ಕೂಡಸ್ರಿ. ಅವರ ಕೈ ಅಳತಿ ನಾ ತಗೋತೀನಿ."