ನೋವು ತಡೆಯುವ ಪಟ್ಟಿ

ಗುಳೇದಗುಡ್ಡದ ಗಂಗವ್ವ ಕುಣಿಮಗ್ಗದಲ್ಲಿ, ನೆಲದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು, ರವಿಕೆಯ ಖಣ ನೇಯುತ್ತಿದ್ದಳು. ಸೊಂಟಕ್ಕೆ ಅಂಗೈಯಗಲದ ಪಟ್ಟಿಯೊಂದು ಅಂಟಿಕೊಂಡಿತ್ತು. ಬೆನ್ನುನೋವಿನಿಂದ ಹಾಸಿಗೆ ಹಿಡಿದಿದ್ದ ಹೆಂಗಸು ಈಗ ಹಾಡಿಕೊಳ್ಳುತ್ತ ಮಗ್ಗ ತುಳಿಯುವುದನ್ನು ನೋಡಲೆಂದೇ ಡಾ. ಸುಮಿತ್ರಾ ಹಂಪಿಹೊಳಿ ಧಾರವಾಡದಿಂದ ಬಂದಿದ್ದಳು. ಆ ಪಟ್ಟಿ ಅವಳ ಸಂಶೋಧನೆ.

ನೋವಿನ ಸುದ್ದಿ ನರಗಳಿಂದ ಬೆನ್ನುಹುರಿಗೆ ಬಂದು ಮಿದುಳಿಗೆ ಏರುತ್ತದೆ. ಸಣ್ಣ ವಿದ್ಯುತ್ ಮಿಡಿತಗಳಿಂದ ಅದನ್ನು ತಗ್ಗಿಸುವ ಯಂತ್ರಗಳು ಹಿಂದೆಯೂ ಇದ್ದವು. ಅವನ್ನು ಕೈಯಾರೆ ಹೆಚ್ಚು ಕಡಿಮೆ ಮಾಡಬೇಕಿತ್ತು. ಸುಮಿತ್ರಾಳ ಪಟ್ಟಿ ತಾನೇ ಕಲಿಯುತ್ತಿತ್ತು. ಸೊಂಟದ ನೋವನ್ನು ಕಲಿತ ಮೇಲೆ, ಕೆಳಗಿನಿಂದ ಬರುವ ಯಾವ ನೋವನ್ನೂ ಅದು ಮೇಲೆ ಬಿಡುತ್ತಿರಲಿಲ್ಲ. ೨೦೫೫ರ ಹೊತ್ತಿಗೆ ಅದಿಲ್ಲದ ಮನೆ ಆ ಊರಲ್ಲಿ ಅಪರೂಪವಾಗಿತ್ತು.

"ಮೈ ಐತಿ ಅನ್ನೂದ ಮರತೀನ್ರಿ ಅಕ್ಕಾರ," ಎಂದು ಗಂಗವ್ವ ನಕ್ಕಳು.

ಕೋಣೆಯಲ್ಲಿ ಕೊಳೆತ ವಾಸನೆಯಿತ್ತು. ಸುಮಿತ್ರಾ ಮೂಗು ಮುಚ್ಚಿದ್ದನ್ನು ಕಂಡು ಮಗಳು ನೀಲವ್ವ ನಾಚಿದಳು. "ಎಲ್ಲ್ಯೋ ಇಲಿ ಸತ್ತೈತ್ರಿ. ಹುಡುಕಾಕತ್ತೀವಿ."

ಸುಮಿತ್ರಾ ವಾಸನೆಯ ಜಾಡು ಹಿಡಿದು ಮಗ್ಗದ ಕುಣಿಯತ್ತ ಬಾಗಿದಳು. "ಗಂಗವ್ವಾರ, ಕಾಲು ಮ್ಯಾಲೆ ತಗೀರಿ."

ಕುಣಿಯಿಂದ ಮೇಲೆ ಬಂದ ಪಾದ ಕಪ್ಪಾಗಿತ್ತು. ಹಿಮ್ಮಡಿಯಲ್ಲಿ ತುಕ್ಕು ಹಿಡಿದ ಮೊಳೆಯೊಂದು ಮಾಂಸದೊಳಗೆ ಹೂತುಹೋಗಿತ್ತು. ಗಂಗವ್ವ ಅದನ್ನು ಬೇರೆಯವರ ಕಾಲೆಂಬಂತೆ ನೋಡಿದಳು.

ನಂಜು ಎಲ್ಲಿಯವರೆಗೆ ಏರಿದೆಯೆಂದು ತಿಳಿಯಲು ಸುಮಿತ್ರಾ ಪಟ್ಟಿ ಕಿತ್ತಳು. ಗಂಗವ್ವನ ಕಿರುಚಾಟಕ್ಕೆ ಓಣಿಯ ಜನ ಓಡಿಬಂದರು.

"ಮೊದ್ಲ ಅದನ್ನ ಹಚ್ರಿ! ನಮ್ಮವ್ವನ್ನ ಕೊಲ್ತೀರೇನು?" ನೀಲವ್ವ ಅವಳ ಕೈ ಹಿಡಿದೆಳೆದಳು. ಸುಮಿತ್ರಾ ಪಟ್ಟಿಯನ್ನು ಮತ್ತೆ ಅಂಟಿಸಿದಳು. ಗಂಗವ್ವ ಕಣ್ಣೊರೆಸಿಕೊಂಡು ಶಾಂತಳಾದಳು.

ಆಸ್ಪತ್ರೆಯಲ್ಲಿ ಮೊಣಕಾಲಿನ ಕೆಳಗೆ ಕತ್ತರಿಸಿದರು. ಜೀವ ಉಳಿಯಿತು.

ಧಾರವಾಡಕ್ಕೆ ಮರಳಿದ ಸುಮಿತ್ರಾ ಪಟ್ಟಿಗಳನ್ನು ತಿದ್ದಿದಳು. ಇನ್ನು ಮುಂದೆ ದಿನಕ್ಕೊಂದು ತಾಸು ಅವು ತಾವಾಗಿಯೇ ಆರುತ್ತವೆ. ಆ ತಾಸಿನಲ್ಲಿ ಮೈ ತನ್ನ ದೂರು ಹೇಳಿಕೊಳ್ಳಲಿ. ಪಟ್ಟಿ ತಯಾರಿಸುವ ಕಂಪನಿಯವರು ಅಚ್ಚರಿಯೆಂಬಂತೆ ಕೂಡಲೇ ಒಪ್ಪಿದರು. ಪಟ್ಟಿಗಳ ಮಾರಾಟ ದುಪ್ಪಟ್ಟಾದಾಗಲೂ ಅವಳಿಗೆ ಕಾರಣ ಹೊಳೆಯಲಿಲ್ಲ.

ಗಂಗವ್ವನನ್ನು ನೋಡಲು ಹೋದಾಗ ಹೊಳೆಯಿತು. ತಾಯಿಯ ಮಗ್ಗದಲ್ಲಿ ಈಗ ನೀಲವ್ವ ಕೂತಿದ್ದಳು. ಅವಳ ಸೊಂಟದಲ್ಲಿ ಎರಡು ಪಟ್ಟಿಗಳಿದ್ದವು. ಒಂದು ಆರಿದಾಗ ಇನ್ನೊಂದು ಉರಿಯುತ್ತಿತ್ತು.

"ನಿಮ್ಮವ್ವನ ಕಾಲು ನೋಡಿಯೂ ಹಿಂಗ್ಯಾಕ ಮಾಡ್ತೀರಿ?" ಎಂದಳು ಸುಮಿತ್ರಾ.

ನೀಲವ್ವ ಲಾಳಿ ನಿಲ್ಲಿಸಲಿಲ್ಲ. "ನೋವು ಬಂದ್ರ ಕೆಲಸ ಬಿಟ್ಟು ಮಲಗ್ಬೇಕಲ್ರಿ ಅಕ್ಕಾರ. ಮಲಗಾಕ ನಮಗ ಯಾರು ಬಿಡ್ತಾರ?"